ಉದಕಮಂಡಲದ ಸಸ್ಯೋದ್ಯಾನ

ನೀಲಗಿರಿಯ ದೊಡ್ಡಬೆಟ್ಟದ ಇಳಿಜಾರಿನಲ್ಲಿರುವ ಉದಕಮಂಡಲದ ಸರ್ಕಾರಿ ಸಸ್ಯೋದ್ಯಾನಕ್ಕೆ ಹೋಗುವವರು ಬಹುಮಟ್ಟಿಗೆ ಹೂವಿನ ಮಡಿಗಳನ್ನು ಕಂಡು ಹಿಂದಿರುಗುತ್ತಾರೆ. ವ್ಯವಸಾಯಗಾರರು ಮೊದಲು ನೋಡತಕ್ಕದ್ದು ಅಲ್ಲಿಯ ನೆಲವನ್ನು. ಸುಮಾರು 55 ಎಕರೆಯ ಈ ಪ್ರದೇಶದ ಮೇಲ್ಭಾಗವು ಪೂರ್ವದಲ್ಲಿ ದಟ್ಟವಾದ ಕಾಡಾಗಿಯೂ ಕೆಳಭಾಗವು ಜೌಗಾಗಿಯೂ ಇದ್ದಿತು. 1840ರ ದಶಕದಲ್ಲಿ ಅಲ್ಲಿಯ ಐರೋಪ್ಯರು ಅಗ್ಗದ ತರಕಾರಿಗಾಗಿ ತಿಂಗಳಿಗೆ 3 ರೂಪಾಯಿ ಚಂದಾ ಕೂಡಿಸಿ ತೋಟವೊಂದನ್ನು ಹಾಕಿದರು, ಅದು ನಡೆಯಲಿಲ್ಲ. 1848ರಲ್ಲಿ ಕ್ಯೂ ಉದ್ಯಾನದಲ್ಲಿ ಕೆಲಸ ಕಲಿತ ವಿಲಿಯಂ ಗ್ರಹಾಂ ಮೆಕೈವರ್ ಎಂಬಾತನು ಬಂದು, ಸುಮಾರು 10 ವರ್ಷ ಶ್ರಮಪಟ್ಟು ಅದೇ ನೆಲವನ್ನು ಉದ್ಯಾನವನ್ನಾಗಿ ಮಾಡಿದನು.

ಇದಕ್ಕಿಂತಲೂ ಮುಖ್ಯವಾದುದು ಸಿಂಕೋನದ ವಿಷಯ. ಚಳಿಜ್ವರಕ್ಕೆ ಮದ್ದಾದ ಕ್ವಿನೈನು ಈ ಮರದ ತೊಗಟೆಯಿಂದ ದೊರೆಯುತ್ತದೆ. ದಕ್ಷಿಣ ಅಮೆರಿಕದಿಂದ 1860ರಲ್ಲಿ ತಂದ ಸಸಿಗಳು ಬದುಕಲಿಲ್ಲ. 1861ರಲ್ಲಿ ಬಂದ ಬೀಜಗಳಿಂದಲೂ ಸಸಿಗಳಿಂದಲೂ ಮೆಕೈವರನು ಬೆಟ್ಟದ ಮೇಲೆ ತೋಪುಗಳನ್ನೆಬ್ಬಿಸಿದನು. ತೊಗಟೆಗಾಗಿ ಮರವನ್ನೇ ಕಡಿಯುವುದು ವಾಡಿಕೆ. ಈತನಾದರೋ ತೊಗಟೆಯನ್ನು ಉದ್ದುದ್ದ ಪಟ್ಟಿಗಳಾಗಿ ಮಾತ್ರ ಸುಲಿದು, ಕಾಂಡಕ್ಕೆ ಹಸಿ ಪಾಚಿಯನ್ನು ಸುತ್ತಿಸಿದನು. ಗಾಯವು ಒಣಗದೆ ಹೊಸ ತೊಗಟೆ ಮೂಡಿತು. ಅದರಲ್ಲಿ ಔಷಧಸತ್ತ್ವವೂ ಅಧಿಕವಾಗಿದ್ದಿತು. ಮರವೂ ಉಳಿಯಿತು, ಫಸಲೂ ದಕ್ಕಿತು.

ಮೇ ತಿಂಗಳಲ್ಲಿ ಫಲಪುಷ್ಪ ಪ್ರದರ್ಶನವು ನಡೆಯುವುದರಿಂದ ಜನಸಂದಣಿ ವಿಪರೀತ. ಆಗ ಗಿಡಕ್ಕಿಂತ ತಲೆಗಳೇ ಹೆಚ್ಚಾಗಿ ಕಾಣುವುವು. ಸಾವಕಾಶವಾಗಿ ನೋಡಬೇಕೆನ್ನುವವರು ಬೇರೆ ತಿಂಗಳಲ್ಲಿ ಬೆಳಗಿನ ಹೊತ್ತು ಹೋಗಿ, ಮೊದಲು ತೋದರ ಹಟ್ಟಿಯಿರುವ ಮೇಲ್ಗಡೆಗೆ ಹತ್ತತಕ್ಕದ್ದು. ಅಲ್ಲಿಂದ ನಿಧಾನವಾಗಿ ಇಳಿದು ಬಂದಲ್ಲಿ, ಮೇಲಣ ನೀರು ಯಾವ ದಾರಿ ಹಿಡಿದು ತಗ್ಗಿಗೆ ಬರುವುದೆಂಬುದು ಹೆಜ್ಜೆಹೆಜ್ಜೆಗೂ ತಿಳಿಯುತ್ತದೆ.