ಯಾವ ಕೋಣೆಯಲ್ಲಿದೆ ಆ ಕಾಗದ?

ಹಳ್ಳಿಯಲ್ಲಿ ಹುಟ್ಟಿ ಸರ್ಕಾರಿ ನೌಕರಿ ಸೇರಿ ಈಗ ನಿವೃತ್ತಿಯ ಅಂಚಿನಲ್ಲಿರುವವರನ್ನು ಹುಟ್ಟಿದ ದಿನ ಕೇಳಿದರೆ, ಜೂನ್ 1 ಎಂಬ ಉತ್ತರ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಶಾಲೆ ತೆರೆಯುವ ಹೊತ್ತಿಗೆ ಮಗುವಿಗೆ ವಯಸ್ಸು ತುಂಬಿರಲಿ ಎಂದು ಮೇಷ್ಟ್ರು ದಾಖಲಾತಿ ಪುಸ್ತಕದಲ್ಲಿ ಬರೆದುಕೊಂಡ ತಾರೀಖು ಅದು. ಅಲ್ಲಿಂದ ಟಿ.ಸಿ.ಗೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ, ಕೊನೆಗೆ ಸೇವಾ ಪುಸ್ತಕಕ್ಕೆ ಇಳಿದು ಗಟ್ಟಿಯಾಗಿ ಕೂತಿತು. ಈಗ ತಿದ್ದಿಸಲು ಹೊರಟರೆ ಕಾಲ ಮಿಂಚಿದೆ. ರಾಜ್ಯ ಸರ್ಕಾರಿ ನೌಕರರ ವಯಸ್ಸನ್ನು ನಿರ್ಧರಿಸುವ 1974ರ ಕಾಯ್ದೆ, ಸೇವಾ ಪುಸ್ತಕದಲ್ಲಿ ವಯಸ್ಸು ದಾಖಲಾದ ಮೂರು ವರ್ಷದೊಳಗೆ ಮಾತ್ರ ಅದಕ್ಕೆ ದಾರಿ ಬಿಟ್ಟಿದೆ.

ಇವರಲ್ಲಿ ಕೆಲವರ ನಿಜವಾದ ಜನ್ಮದಿನ ಯಾವುದೋ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ, ಬಟ್ಟೆಯಲ್ಲಿ ಕಟ್ಟಿಟ್ಟ ರಿಜಿಸ್ಟರಿನೊಳಗೆ ಇದ್ದರೂ ಇರಬಹುದು. ಕರ್ನಾಟಕದಲ್ಲಿ ಸಾರ್ವಜನಿಕ ದಾಖಲೆ ಹುಡುಕುವವರಿಗೆ ಎದುರಾಗುವ ಮುಖ್ಯ ತೊಡಕು ಕಾಗದ ಇಲ್ಲ ಎಂಬುದಲ್ಲ, ಅದು ಯಾವ ಕಚೇರಿಯ ಯಾವ ಪುಸ್ತಕದಲ್ಲಿದೆ ಎಂದು ಗೊತ್ತಿಲ್ಲದಿರುವುದು.

ಜನನ-ಮರಣ ನೋಂದಣಿ ಕಾಯ್ದೆ 1969ರದ್ದು. ರಾಜ್ಯದಲ್ಲಿ ಅದು ಜಾರಿಯಾದದ್ದು 1970ರ ಏಪ್ರಿಲ್ 1ರಂದು. ಜನನವಾಗಲಿ ಮರಣವಾಗಲಿ, ಅದು ನಡೆದ ಜಾಗದಲ್ಲೇ ನೋಂದಣಿಯಾಗಬೇಕು ಎಂಬುದು ಅದರ ಮೂಲ ನಿಯಮ. ಜನ ಎಡವುವುದೂ ಇಲ್ಲಿಯೇ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ತಂದೆಯ ಊರು ತಿಪಟೂರಾಗಿದ್ದು ತಾಯಿಯ ತವರು ಅರಸೀಕೆರೆ ಕಡೆಯದಾಗಿದ್ದರೆ, ತಿಪಟೂರಿನ ಪುಸ್ತಕಗಳನ್ನು ಎಷ್ಟು ತಿರುವಿದರೂ ಹಿರಿಮಗನ ಹೆಸರು ಸಿಗದು. ತಾಲ್ಲೂಕಷ್ಟೇ ಅಲ್ಲ, ಜಿಲ್ಲೆಯೇ ಬೇರೆ.

ಊರು ಸರಿಯಾಗಿ ಹಿಡಿದರೂ ಹೆಸರು ಸಿಗದಿರುವುದುಂಟು. ನೋಂದಣಿಯ ಹೊತ್ತಿಗೆ ನಾಮಕರಣ ಆಗಿರುವುದಿಲ್ಲ. ಹಾಗಾಗಿ ಹಳೆಯ ರಿಜಿಸ್ಟರುಗಳಲ್ಲಿ ಮಗುವಿನ ಹೆಸರಿನ ಕಲಮು ಖಾಲಿ, ಪಕ್ಕದಲ್ಲಿ ಗಂಡೋ ಹೆಣ್ಣೋ ಎಂಬುದಷ್ಟೇ. ಅರ್ಜಿಯಲ್ಲಿ ತಂದೆ-ತಾಯಿಯ ಹೆಸರು, ಹುಟ್ಟಿದ ಹಳ್ಳಿ ಅಥವಾ ಆಸ್ಪತ್ರೆ, ಅಂದಾಜು ವರ್ಷ ಬರೆಯುವುದು ಅದಕ್ಕೇ. ವರ್ಷದ ಬಗ್ಗೆ ಅನುಮಾನವಿದ್ದರೆ ಹಿಂದಿನ ಒಂದೆರಡು, ಮುಂದಿನ ಒಂದೆರಡು ವರ್ಷಗಳನ್ನೂ ಹುಡುಕಿಸಬೇಕು. ‘ದೊಡ್ಡ ಬರ ಬಂದ ವರ್ಷ’ ಎಂಬ ಅಜ್ಜಿಯ ಲೆಕ್ಕ ಇಂಥ ಕಡೆ ಪ್ರಯೋಜನಕ್ಕೆ ಬರುವುದನ್ನು ಅಲ್ಲಗಳೆಯುವಂತಿಲ್ಲ. ಖಾಲಿ ಬಿಟ್ಟ ಕಲಮಿನಲ್ಲಿ ಆಮೇಲೆ ಹೆಸರು ಸೇರಿಸಲು ಕಾಯ್ದೆಯ 14ನೇ ಕಲಂ ಅವಕಾಶ ಕೊಡುತ್ತದೆ, ಅದಕ್ಕೂ ಕಾಲಮಿತಿ ಇದೆ.

ಹುಡುಕಿದ ಮೇಲೂ ಇಲ್ಲವೆಂದಾದರೆ ಕಚೇರಿ ‘ದಾಖಲೆ ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ ಕೊಡಬೇಕು. ಇಲ್ಲ ಎನ್ನುವುದಕ್ಕೂ ಒಂದು ಪ್ರಮಾಣಪತ್ರವೇ ಎಂದು ನಗು ಬರಬಹುದು. ಆದರೆ ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ ಕನ್ನಡಿಗರನ್ನು ಕೇಳಿದರೆ ಅದರ ಬೆಲೆ ಗೊತ್ತಾಗುತ್ತದೆ. ಜನನ ಪ್ರಮಾಣಪತ್ರ ಇಲ್ಲದವರು ಈ ಕಾಗದವನ್ನೂ ಹುಟ್ಟನ್ನು ಬಲ್ಲ ಹಿರಿಯರ ಪ್ರಮಾಣಿತ ಹೇಳಿಕೆಗಳನ್ನೂ ಜೊತೆಗಿಟ್ಟು ಕೊಡುವುದು ಅಲ್ಲಿ ರೂಢಿ. ಊರಿನಲ್ಲಿರುವ ಅಣ್ಣನೋ ಭಾವನೋ ಅದಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆಯುತ್ತಾರೆ.

ತಡವಾದ ನೋಂದಣಿಯ ದಾರಿಯೂ ಬದಲಾಗಿದೆ. 21 ದಿನದೊಳಗೆ ತಿಳಿಸಿದರೆ ಯಾವ ತಂಟೆಯೂ ಇಲ್ಲ. ವರ್ಷ ದಾಟಿದರೆ ಮೊದಲು ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ಬೇಕಿತ್ತು, ಎಂದರೆ ವಕೀಲರ ಮೂಲಕ ಹೋಗಬೇಕಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ವಹಿಸಿದೆ. ತಡವಾದ ನೋಂದಣಿಯ ಬಿಸಿ ಹೆಚ್ಚು ತಟ್ಟುವುದು ಹುಟ್ಟಿದವರಿಗಲ್ಲ, ಸತ್ತವರ ಮಕ್ಕಳಿಗೆ. ಅಜ್ಜನ ಹೆಸರಿನಲ್ಲೇ ಉಳಿದ ಜಮೀನನ್ನು ಪೌತಿ ಖಾತೆ ಮಾಡಿಸಲು ಹೊರಟಾಗಲೇ, ಅಜ್ಜ ತೀರಿಕೊಂಡದ್ದನ್ನು ಯಾರೂ ಬರೆಸಿಲ್ಲವೆಂಬುದು ಹೊರಬೀಳುವುದು. ಅಂದಹಾಗೆ, ಮರಣ ನೋಂದಣಿಯಲ್ಲಿ ಸಾವಿನ ಕಾರಣವನ್ನೂ ಬರೆದುಕೊಳ್ಳುತ್ತಾರೆ, ಆದರೆ ಹೊರಗೆ ಕೊಡುವ ನಕಲಿನಲ್ಲಿ ಅದನ್ನು ಕಾಣಿಸುವಂತಿಲ್ಲ ಎಂದು 17ನೇ ಕಲಂ ಕಟ್ಟಪ್ಪಣೆ ಮಾಡಿದೆ. ಸತ್ತವರ ಗುಟ್ಟು ಕಾಯುವ ಈ ಸಣ್ಣ ಸೌಜನ್ಯ ಮೆಚ್ಚತಕ್ಕದ್ದು.

ಜಮೀನಿನ ಕಾಗದಕ್ಕೆ ಬಂದರೆ ಇತಿಹಾಸದ ಪಾಠವನ್ನೇ ತೆರೆಯಬೇಕಾಗುತ್ತದೆ. 1956ರಲ್ಲಿ ಒಂದಾದ ರಾಜ್ಯಕ್ಕೆ ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಎಂಬ ಐದು ಆಡಳಿತಗಳ ಕಾಗದಗಳು ಬಂದು ಸೇರಿದವು. ಬೆಳಗಾವಿ, ಧಾರವಾಡದ ಕಡೆಯ ಹಳೆಯ ಪತ್ರಗಳು ಎಷ್ಟೋ ಮೋಡಿ ಲಿಪಿಯಲ್ಲಿವೆ, ಓದಬಲ್ಲವರು ವಿರಳ. ಕಲಬುರಗಿ, ರಾಯಚೂರಿನಲ್ಲಿ ನಿಜಾಮರ ಕಾಲದ ಉರ್ದು ದಾಖಲೆಗಳಿವೆ. ಅಲ್ಲಿನ ಜಮೀನು ವ್ಯಾಜ್ಯಗಳಲ್ಲಿ 1954-55ರ ಖಾಸ್ರಾ ಪಹಣಿಯನ್ನು ಈಗಲೂ ಹುಡುಕಿ ತೆಗೆಯುತ್ತಾರೆ. ಕೊಡಗಿನಲ್ಲಿ ಜಮ್ಮಾ ಬಾಣೆ ಎಂಬ ವಂಶಪಾರಂಪರ್ಯ ಹಿಡುವಳಿಯ ಲೆಕ್ಕವಂತೂ ಬೇರೆಯದೇ. ಉತ್ತರದವರು ಉತಾರ ಎನ್ನುವುದನ್ನು ಹಳೇ ಮೈಸೂರಿನವರು ಪಹಣಿ ಎನ್ನುತ್ತಾರೆ.

2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಇವತ್ತು ಸರ್ವೆ ನಂಬರ್ ಗೊತ್ತಿದ್ದರೆ ಮೊಬೈಲಿನಲ್ಲೇ ನೋಡಬಹುದು. ಆದರೆ ತಕರಾರು ಹುಟ್ಟುವುದು ಅದಕ್ಕೂ ಹಿಂದಿನ ಕಾಗದದ ಮೇಲೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರ ಕೊಟ್ಟ ನಮೂನೆ 7ರ ಅರ್ಜಿ ಏನಾಯಿತು? ಭೂ ನ್ಯಾಯಮಂಡಳಿಯ ಆದೇಶ ಎಲ್ಲಿ? ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಬೇರೆಯವರು ಕೊಂಡಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯಡಿ ಪ್ರಕರಣ ನಿಲ್ಲುವುದೂ ಬೀಳುವುದೂ ಮೂಲ ಮಂಜೂರಾತಿ ಕಡತದ ಷರತ್ತುಗಳ ಮೇಲೆ. ಇಂಥ ಕಡತವೇ ಕಾಣೆಯಾಗುವುದು, ಅದರಲ್ಲೂ ಬೆಲೆಬಾಳುವ ಜಮೀನಿನದು, ಬರೀ ಗೆದ್ದಲಿನ ಕೆಲಸ ಎಂದು ನಂಬುವುದು ಕಷ್ಟ. 2024ರಲ್ಲಿ ಕಂದಾಯ ಇಲಾಖೆ ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡತೊಡಗಿದ್ದರ ಹಿಂದೆ ಈ ಆತಂಕವೂ ಇದೆ.

ಸಬ್ ರಿಜಿಸ್ಟ್ರಾರ್ ಕಚೇರಿ ಇದಕ್ಕಿಂತ ತೆರೆದ ಮನೆ. ಕ್ರಯ, ದಾನ, ವಿಭಾಗದಂಥ ಸ್ಥಿರಾಸ್ತಿ ಪತ್ರಗಳಿರುವ 1ನೇ ಪುಸ್ತಕವನ್ನು 1908ರ ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಉಯಿಲುಗಳ 3ನೇ ಪುಸ್ತಕ ಹಾಗಲ್ಲ. ಬರೆದವರು ಬದುಕಿರುವವರೆಗೆ ಅವರಿಗೂ ಅವರ ಪ್ರತಿನಿಧಿಗೂ ಮಾತ್ರ ನಕಲು.

ಕೇಳುವ ಕ್ರಮವೂ ಕಲಿಯಬೇಕಾದದ್ದೇ. ‘ನಮ್ಮ ಜಮೀನಿನ ಎಲ್ಲಾ ದಾಖಲೆ ಕೊಡಿ’ ಎಂದು ಬರೆದ ಅರ್ಜಿ ಟಪಾಲು ಶಾಖೆಯಿಂದ ಆಚೆ ಜೀವಂತವಾಗಿ ಹೋಗುವುದಿಲ್ಲ. ಹಳ್ಳಿ, ಹೋಬಳಿ, ಸರ್ವೆ ನಂಬರ್, ವರ್ಷ, ಗೊತ್ತಿದ್ದರೆ ಕಡತದ ಸಂಖ್ಯೆ ಬರೆದು ದೃಢೀಕೃತ ನಕಲು ಕೇಳಿದರೆ ಕೇಸ್ ವರ್ಕರಿಗೆ ನುಣುಚಿಕೊಳ್ಳಲು ಜಾಗ ಕಡಿಮೆ. ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ರಾಜ್ಯದ ‘ಸಕಾಲ’ ಕಾಯ್ದೆಯ ವ್ಯಾಪ್ತಿಯಲ್ಲಿರುವ ಸೇವೆಯಾದರೆ 15 ಅಂಕಿಗಳ ಸ್ವೀಕೃತಿ ಸಂಖ್ಯೆ ಕೇಳಿ ಪಡೆಯಬೇಕು. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರ ಕೇಳುವ ಹಕ್ಕಿದೆ. ಹಣಕ್ಕಿಂತ ಆ ಸಂಖ್ಯೆಯೇ ದೊಡ್ಡದು, ಅರ್ಜಿ ಬಂದೇ ಇಲ್ಲ ಎನ್ನಲು ಅದು ಬಿಡುವುದಿಲ್ಲ. ಆಗುವುದಿಲ್ಲ ಎಂದು ಬಾಯಲ್ಲಿ ಹೇಳಿ ಕಳಿಸಿದರೆ ಒಪ್ಪದೆ ಹಿಂಬರಹ ಕೇಳಬೇಕು. ಮೇಲ್ಮನವಿಗೆ ಅದೇ ಆಧಾರ.

ಮಾಹಿತಿ ಹಕ್ಕು ಕೊನೆಯ ದಾರಿ, ಮೊದಲನೆಯದಲ್ಲ. 10 ರೂಪಾಯಿ ಶುಲ್ಕ, 30 ದಿನಗಳ ಗಡುವು ಎಲ್ಲರಿಗೂ ಗೊತ್ತು. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು ಎಂಬುದನ್ನು ಹಲವರು ಮರೆಯುತ್ತಾರೆ. ಕಡತ ಕಾಣೆಯಾಗಿದೆ ಎಂಬ ಉತ್ತರ ಬಂದರೂ ಮಾತು ಮುಗಿಯಿತೆಂದಲ್ಲ. ಅಂಥ ಉತ್ತರ ಕಾಯ್ದೆಯಲ್ಲಿ ಹೇಳಿದ ವಿನಾಯಿತಿಗಳಲ್ಲಿ ಒಂದಲ್ಲ, ಹುಡುಕಿಸಿ ಹೊಣೆ ಯಾರದೆಂದು ನಿಗದಿ ಮಾಡಬೇಕು ಎಂದು ದೆಹಲಿ ಹೈಕೋರ್ಟ್ 2013ರಲ್ಲೇ ಹೇಳಿದೆ.

ಮುಂದಿನ ತಲೆಮಾರಿಗೆ ಈ ಅಲೆದಾಟ ಕಡಿಮೆ, ಆದರೆ ಬಿಗಿ ಹೆಚ್ಚು. 2023ರ ಅಕ್ಟೋಬರ್ 1 ಅಥವಾ ಆಮೇಲೆ ಹುಟ್ಟಿದವರಿಗೆ ಶಾಲೆ, ವಾಹನ ಚಾಲನಾ ಪರವಾನಗಿ, ಮತದಾರರ ಪಟ್ಟಿ, ಪಾಸ್‌ಪೋರ್ಟ್ ಎಲ್ಲಕ್ಕೂ ಹುಟ್ಟಿದ ದಿನದ ಪುರಾವೆ ಜನನ ಪ್ರಮಾಣಪತ್ರ ಒಂದೇ. ಮೇಷ್ಟ್ರ ಜೂನ್ 1 ಇನ್ನು ನಡೆಯದು. ಆಸ್ಪತ್ರೆಯ ಗುಮಾಸ್ತರು ನಮೂನೆಯಲ್ಲಿ ಬರೆದ ತಾಯಿಯ ಹೆಸರಿನ ಒಂದು ಅಕ್ಷರ ತಪ್ಪಿದರೆ ಆ ತಪ್ಪು ಇ-ಜನ್ಮ ತಂತ್ರಾಂಶಕ್ಕೂ, ಅಲ್ಲಿಂದ ಮುಂದಿನ ಎಲ್ಲ ಕಾಗದಗಳಿಗೂ ಹೋಗುತ್ತದೆ. ತಿದ್ದುಪಡಿಗೆ 15ನೇ ಕಲಂ ಇದೆ, ಪುರಾವೆ ಒದಗಿಸಿ ನೋಂದಣಾಧಿಕಾರಿಗೆ ಮನವರಿಕೆ ಮಾಡಬೇಕು. ಬಾಣಂತಿಯನ್ನು ಮನೆಗೆ ಕರೆದೊಯ್ಯುವ ಗಡಿಬಿಡಿಯಲ್ಲಿ, ಆಸ್ಪತ್ರೆಯವರು ಮುಂದಿಡುವ ನಮೂನೆಗೆ ಸಹಿ ಹಾಕುವ ಮುನ್ನ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಹೆಸರುಗಳನ್ನು ಆಧಾರ್ ಕಾರ್ಡಿನ ಪಕ್ಕಕ್ಕಿಟ್ಟು ಓದಿ ನೋಡಲು ಐದು ನಿಮಿಷ ಸಾಕು.