ತೇಜಾಬಿನ ಬಾಟಲಿಗೊಂದು ಜಾಗ

ಜೂನ್ ಮೊದಲ ವಾರ. ಕೊಡಂಬಲದ ಸುತ್ತ ಒಂದು ಹದಮಳೆ ಬಿದ್ದು ನೆಲ ಹಸಿಯಾಗಿದೆ. ಒಂದು ಮಗ್ಗುಲಲ್ಲಿ ಕಪ್ಪು ಎರೆ, ಸ್ವಲ್ಪ ಆಚೆ ಕೆಂಪು ಮಣ್ಣು. ಇನ್ನೊಂದು ಮಳೆಯಾದರೆ ಕೂರಿಗೆ ಹೂಡುವುದೇ. ಹೆಸರು, ಉದ್ದು, ಸೋಯಾ, ತೊಗರಿಯ ಬೀಜದ ಚೀಲಗಳು ಆಗಲೇ ಪಡಸಾಲೆಗೆ ಬಂದು ಕೂತಿವೆ. ಹೊಲಕ್ಕೆ ಹೊಡೆಯುವ ‘ಎಣ್ಣೆ’ ಮಾತ್ರ ಪಡಸಾಲೆಗೆ ಬರುವುದಿಲ್ಲ. ಅದನ್ನು ದನದ ಕೊಟ್ಟಿಗೆಯ ತೊಲೆಯ ಸಂದಿಯಲ್ಲಿ, ಮಕ್ಕಳ ಕೈಗೆ ಎಟುಕದ ಹಾಗೆ ಸಿಕ್ಕಿಸಿಡುತ್ತಾರೆ. ವಿಷಕ್ಕೆ ಒಂದು ಜಾಗ ಬೇಕು, ಆ ಜಾಗ ಮನೆಯ ದೊಡ್ಡವರಿಗೆಲ್ಲ ಗೊತ್ತಿರಬೇಕು ಎನ್ನುವುದನ್ನು ರೈತರ ಮನೆಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಿಂದೆ ಹುಮನಾಬಾದ್ ತಾಲ್ಲೂಕಿನಲ್ಲಿದ್ದು ಈಗ ಚಿಟಗುಪ್ಪ ತಾಲ್ಲೂಕಿಗೆ ಸೇರಿರುವ ಈ ಸೀಮೆಯ ಒಂದು ಪ್ರೌಢಶಾಲೆಗೆ ಅವತ್ತು ಹೋಗಿದ್ದೆ. ಶಾಲೆಯ ಹೆಸರು ಬೇಡ. ಅಲ್ಲಿ ಕಂಡದ್ದು ಇನ್ನೂ ಎಷ್ಟೋ ಊರುಗಳಲ್ಲಿ ಕಾಣುವಂಥದೇ. ಬೇಸಿಗೆ ರಜೆ ಮುಗಿದಿದೆ. ವಿಜ್ಞಾನದ ಮೇಡಂ ಪ್ರಯೋಗಾಲಯವನ್ನು ಹಸನು ಮಾಡಿಸಲು ಹೊರಟಿದ್ದರು; ರಸಾಯನ ವಿಜ್ಞಾನ ಕಲಿಸಿದ ಅನುಭವ ಇದೆಯೆಂದು ನನ್ನನ್ನೂ ಕರೆದಿದ್ದರು.

ಬೀಗ ತೆರೆಯಿತು. ಮೊದಲು ಬಂದದ್ದು ವಾಸನೆ. ಮೂಗಿನ ಒಳಗೆ ಸೂಜಿ ಚುಚ್ಚಿದಂಥ ಹುಳಿ ವಾಸನೆ. ಎರಡು ತಿಂಗಳು ಮುಚ್ಚಿದ್ದ ಕೋಣೆ, ಮೇಲೆ ನಲವತ್ತು ಡಿಗ್ರಿ ದಾಟುವ ಬೀದರ್ ಜಿಲ್ಲೆಯ ಬಿಸಿಲು. ಕಿಟಕಿ ತೆರೆದು ಐದು ನಿಮಿಷ ಹೊರಗೇ ನಿಂತೆವು. ಶಾಲೆಯ ಸಹಾಯಕ ಬಾಗಿಲ ಬಳಿ ಕೈ ಅಡ್ಡ ಇಟ್ಟು ಮಕ್ಕಳನ್ನು ತಡೆದರು. “ಒಳಗ ತೇಜಾಬ್ ಅದಾ, ಯಾರೂ ಹೋಗಬ್ಯಾಡ್ರಿ.”

ತೇಜಾಬ್! ನಿಜಾಮರ ಕಾಲದ ಉರ್ದು ಈ ನೆಲದ ಕನ್ನಡದಲ್ಲಿ ಬಿಟ್ಟುಹೋದ ಮಾತುಗಳಲ್ಲಿ ಇದೂ ಒಂದು. ಪುಸ್ತಕದಲ್ಲಿ ಅದು ಸಲ್ಫ್ಯೂರಿಕ್ ಆಮ್ಲ, ಹಳೆಯ ಮೇಷ್ಟ್ರುಗಳ ಬಾಯಲ್ಲಿ ಗಂಧಕಾಮ್ಲ. ಯಾವ ಹೆಸರಿನಿಂದ ಕರೆದರೂ ಆ ಕೋಣೆಯಲ್ಲಿ ಅದರ ಬಗ್ಗೆ ಇದ್ದದ್ದು ಭಯ ಒಂದೇ. ಆ ಭಯಕ್ಕೇ ಬಾಗಿಲಿಗೆ ಬೀಗ ಬಿದ್ದಿತ್ತು. ಹೋದ ವರ್ಷದ ಹತ್ತನೇ ತರಗತಿಯ ಮಕ್ಕಳು ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠವನ್ನು ಪುಸ್ತಕದ ಚಿತ್ರ ನೋಡಿಯೇ ಮುಗಿಸಿ ಹೋಗಿದ್ದರು.

ಗೋಡೆಗೆ ಒರಗಿದ ಉಕ್ಕಿನ ಅಲಮಾರಿ. ಅದರ ಬಾಗಿಲ ಒಳಮೈ ತುಕ್ಕು ಹಿಡಿದು ಹಪ್ಪಳದಂತೆ ಎದ್ದಿದೆ. ಬೆರಳು ತಾಗಿದರೆ ಉದುರುತ್ತದೆ. ಇದು ಹೈಡ್ರೋಕ್ಲೋರಿಕ್ ಆಮ್ಲದ ಆವಿ ಮಾಡಿದ ಕೆಲಸ. ಮೇಲಿನ ಹಲಗೆಯಲ್ಲಿ ಅದರ ಬಾಟಲಿ, ಪಕ್ಕದಲ್ಲೇ ಅಮೋನಿಯಾ ದ್ರಾವಣದ ಬಾಟಲಿ. ಎರಡರ ಭುಜದ ಮೇಲೂ ಬೂದಿ ಎರಚಿದಂತೆ ತೆಳ್ಳಗಿನ ಬಿಳಿ ಪುಡಿ ಕೂತಿತ್ತು. ಮಕ್ಕಳು ಅದನ್ನು ಧೂಳು ಎಂದರು. ಧೂಳಲ್ಲ, ಅಮೋನಿಯಂ ಕ್ಲೋರೈಡ್. ಎರಡು ಬಾಟಲಿಗಳ ಬಿರಡೆಯ ಸಂದಿನಿಂದ ಹೊರಟ ಆವಿಗಳು ಗಾಳಿಯಲ್ಲಿ ಕೂಡಿ ಹುಟ್ಟಿದ ನವಸಾಗರ.

ನವಸಾಗರ ಈ ಜಿಲ್ಲೆಗೆ ಹೊಸದಲ್ಲ. ಬೀದರಿನ ಬಿದ್ರಿ ಕುಶಲಕರ್ಮಿಗಳು ಸತು, ತಾಮ್ರದ ಎರಕಕ್ಕೆ ಮೈಲುತುತ್ತದ ನೀರು ಬಳಿದು ಕಪ್ಪಾಗಿಸಿ, ಅದರ ಮೇಲೆ ಚಿತ್ತಾರ ಕೆತ್ತಿ, ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣನ್ನೂ ನವಸಾಗರವನ್ನೂ ಕಲಸಿ ಬಿಸಿಯಾದ ಪಾತ್ರೆಗೆ ಮೆತ್ತುತ್ತಾರೆ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ವಸ್ತು ಯಾವುದರ ಜೊತೆ ಯಾವಾಗ ಸೇರಬೇಕು ಎಂದು ತಿಳಿದ ಕೈಯಲ್ಲಿ ಅದೇ ನವಸಾಗರ ಶತಮಾನಗಳ ಕಲೆಯಾಗಿದೆ. ಇಲ್ಲಿ, ಈ ಅಲಮಾರಿಯಲ್ಲಿ, ಸೇರಬಾರದ ಎರಡು ಬಾಟಲಿಗಳು ಅಕ್ಕಪಕ್ಕ ಕೂತಿವೆ ಎಂದು ಅದು ದೂರು ಹೇಳುತ್ತಿತ್ತು.

ನಡುವಿನ ಹಲಗೆ ನೋಡಿ ನನ್ನ ಎದೆ ಝಲ್ಲೆಂದಿತು. ಯಾರೋ ಶ್ರದ್ಧೆಯಿಂದ ಅಕ್ಷರ ಕ್ರಮದಲ್ಲಿ ಜೋಡಿಸಿದ್ದರು. ಸಲ್ಫ್ಯೂರಿಕ್ ಆಮ್ಲ, ಸೋಡಿಯಂ, ಸ್ಪಿರಿಟ್. ಮೂರೂ ‘ಸ’ಕಾರ, ಮೂರೂ ಒಂದೇ ಸಾಲು. ಸೋಡಿಯಂ ನೀರು ಕಂಡರೆ ಸಾಕು, ಹೈಡ್ರೋಜನ್ ಬಿಡುತ್ತ ಹೊತ್ತಿಕೊಳ್ಳುವ ಲೋಹ. ಆಮ್ಲ ತಾಗಿದರಂತೂ ಕೇಳಬೇಕಾಗಿಲ್ಲ. ಹೊತ್ತಿದ ಬೆಂಕಿಗೆ ಸ್ಪಿರಿಟ್ ಪಕ್ಕದಲ್ಲೇ ಕಾದಿದೆ. ಸೋಡಿಯಂ ಗಾಳಿಗೂ ತೇವಕ್ಕೂ ಸಿಗಬಾರದೆಂದು ಸೀಮೆಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ಬೇಸಿಗೆಯ ಕಾವಿಗೆ ಆ ಸೀಮೆಎಣ್ಣೆ ಆರಿ, ಎರಡು ತುಂಡುಗಳು ತಲೆ ಹೊರಹಾಕಿದ್ದವು. ಅವುಗಳ ಮೈಮೇಲೆ ಬಿಳಿ ಪೊರೆ ಕಟ್ಟಿತ್ತು.

ಇನ್ನು ತೇಜಾಬಿನ ಬಾಟಲಿ. ಅರ್ಧ ಲೀಟರಿನ ಗಾಜು, ಮುಕ್ಕಾಲು ತುಂಬಿದೆ. ಚೀಟಿಯ ಅಂಚು ಸುಟ್ಟ ಕಾಗದದಂತೆ ಕಂದಾಗಿ ಹೆಸರಿನ ಅರ್ಧ ಅಳಿದುಹೋಗಿದೆ. ಓರೆ ಮಾಡಿದರೆ ಒಳಗಿನ ದ್ರವ ನೀರಿನಂತೆ ಕುಲುಕುವುದಿಲ್ಲ, ಹರಳೆಣ್ಣೆಯಂತೆ ಸಾವಕಾಶವಾಗಿ ಜಾರುತ್ತದೆ. 98 ಪ್ರತಿಶತದ ಸಾಂದ್ರ ಆಮ್ಲ ಲೀಟರಿಗೆ 1.84 ಕಿಲೋ ತೂಗುತ್ತದೆ. ಪದವಿಪೂರ್ವ ಕಾಲೇಜುಗಳಿಗೆ ಬರುವ 2.5 ಲೀಟರಿನ ಬಾಟಲಿಯಲ್ಲಿ ಆಮ್ಲದ ತೂಕವೇ 4.5 ಕಿಲೋ ಮೀರುತ್ತದೆ. ನೀರಿನ ಬಾಟಲಿಯ ತೂಕ ಎಂದುಕೊಂಡು ಕುತ್ತಿಗೆ ಹಿಡಿದು ಎತ್ತಿದವರ ಕೈ ಜಾರುವುದು ಇದಕ್ಕೇ. ಒಂದು ಕೈ ತಳಕ್ಕೆ ಕೊಡಬೇಕು, ಕೋಣೆಯಿಂದ ಕೋಣೆಗೆ ಒಯ್ಯುವಾಗ ಬಕೆಟ್ಟಿನಲ್ಲಿ ಇಟ್ಟು ಒಯ್ಯಬೇಕು.

ಕೊಟ್ಟಿಗೆಯ ತೊಲೆಯ ನ್ಯಾಯ ಇಲ್ಲಿ ತಲೆಕೆಳಗಾಗುತ್ತದೆ. ಆಮ್ಲವನ್ನು ಎತ್ತರದಲ್ಲಿ ಇಡಬಾರದು. ಮೇಲಿಂದ ಇಳಿಸುವಾಗ ಜಾರಿದರೆ ಅದು ಮೊದಲು ಬೀಳುವುದು ಮುಖದ ಮೇಲೆ. ಮಕ್ಕಳ ಕೈಯಿಂದ ಕಾಯುವ ಕೆಲಸ ಬೀಗದ್ದು. ಬೀಳದಂತೆ ಕಾಯುವುದು ಕೆಳಗಿನ ಹಲಗೆ. ನೆಲಮಟ್ಟದ ಹಲಗೆ, ಅದರ ಮೇಲೆ ಪ್ಲಾಸ್ಟಿಕ್ಕಿನ ಆಳವಾದ ತಟ್ಟೆ, ತಟ್ಟೆಯೊಳಗೆ ಬಾಟಲಿ. ಗಾಜು ಸೀಳಿದರೂ ಆಮ್ಲ ತಟ್ಟೆ ದಾಟಿ ಹರಿಯುವುದಿಲ್ಲ.

ಕೈಗವಸು, ಕಣ್ಣಿಗೆ ಕನ್ನಡಕ, ಮೈಗೆ ಹತ್ತಿಯ ಕೋಟು ಹಾಕಿಕೊಂಡು ಮೇಡಂ ಕೆಲಸಕ್ಕೆ ಇಳಿದರು. ಒಂದೊಂದೇ ಬಾಟಲಿ. ಸಲ್ಫ್ಯೂರಿಕ್ ಆಮ್ಲಕ್ಕೆ ಒಂದು ತಟ್ಟೆ. ನೈಟ್ರಿಕ್ ಆಮ್ಲ ಬೆಳಕಿಗೆ ಒಡೆಯುವಂಥದು, ಅದಕ್ಕೇ ಅದರ ಬಾಟಲಿ ಕಂದು ಬಣ್ಣದ್ದು. ಅದಕ್ಕೆ ಬೇರೆ ತಟ್ಟೆ. ಸ್ಪಿರಿಟ್, ಅಸಿಟೋನುಗಳಿಂದ ಅದು ದೂರ. ಅಮೋನಿಯಾಕ್ಕೂ ಕಾಸ್ಟಿಕ್ ಸೋಡಾಕ್ಕೂ ಎದುರು ಗೋಡೆಯ ಗೂಡು. ಬಾವಿಯ ನೀರಿಗೆ ಹಾಕುವ ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ಎಲ್ಲ ಆಮ್ಲಗಳಿಂದಲೂ ದೂರ ಹೋಯಿತು. ಹೈಡ್ರೋಕ್ಲೋರಿಕ್ ಆಮ್ಲ ಸೇರಿದರೆ ಅದು ಕ್ಲೋರಿನ್ ಅನಿಲ ಬಿಡುತ್ತದೆ, ಸಾಂದ್ರ ಸಲ್ಫ್ಯೂರಿಕ್ ಸೇರಿದರೆ ಸಿಡಿಯುವ ವಸ್ತು ಹುಟ್ಟುತ್ತದೆ. ಸೋಡಿಯಂ ಬಾಟಲಿಗೆ ಸೀಮೆಎಣ್ಣೆ ತುಂಬಿ, ನಲ್ಲಿ ನೀರು ತಾಗದ ಒಣ ಗೂಡು ಕೊಟ್ಟೆವು.

ಒಂದು ಬಾಟಲಿಗೆ ಹೆಸರೇ ಇರಲಿಲ್ಲ. “ಮೂಸಿ ನೋಡಲಾ ಸರ್?” ಎಂದ ಒಬ್ಬ ಹುಡುಗ. ಬೇಡವೇ ಬೇಡ. ಮೂಸುವುದೂ ಬೇಡ, ಬಚ್ಚಲಿಗೆ ಸುರಿಯುವುದೂ ಬೇಡ. ‘ಗುರುತಿಲ್ಲ, ಮುಟ್ಟಬೇಡಿ’ ಎಂದು ಚೀಟಿ ಅಂಟಿಸಿ, ದಿನಾಂಕ ಬರೆದು, ಪ್ರತ್ಯೇಕ ಇಟ್ಟು, ಅಪಾಯಕಾರಿ ತ್ಯಾಜ್ಯ ವಿಲೇವಾರಿಗೆ ಪರವಾನಗಿ ಇರುವವರಿಗೆ ಒಪ್ಪಿಸುವುದು ಸರಿಯಾದ ದಾರಿ.

ಚೀಟಿ ಬರೆಯುವ ಕೆಲಸ ಮಕ್ಕಳದಾಯಿತು. ದುಂಡಕ್ಷರದಲ್ಲಿ ಮೂರು ಹೆಸರು: ಸಲ್ಫ್ಯೂರಿಕ್ ಆಮ್ಲ, ಗಂಧಕಾಮ್ಲ, ತೇಜಾಬ್. ಕಸ ಗುಡಿಸಲು ಬರುವ ತಾಯಿಗೂ ಅರ್ಥವಾಗಬೇಕಲ್ಲ. ಪಕ್ಕದಲ್ಲಿ ಕೆಂಪು ಅಂಚಿನ ವಜ್ರಾಕೃತಿ, ಅದರೊಳಗೆ ಕೈ ಮೇಲೂ ಲೋಹದ ಮೇಲೂ ಹನಿ ಬಿದ್ದು ಕೊರೆಯುವ ಚಿತ್ರ. ಇದು ವಿಶ್ವಸಂಸ್ಥೆ ರೂಪಿಸಿದ ಗುರುತು; ಓದು ಬರದವರಿಗೂ ಕಣ್ಣಿಗೆ ಹೊಡೆಯುತ್ತದೆ.

ಮಧ್ಯಾಹ್ನ ಮೇಡಂ ಮಕ್ಕಳನ್ನು ದೂರ ನಿಲ್ಲಿಸಿ ಒಂದೇ ಒಂದು ಪ್ರಯೋಗ ಮಾಡಿ ತೋರಿಸಿದರು. ಬೀಕರಿನಲ್ಲಿ ಮೊದಲು ನೀರು. ಗಾಜಿನ ಕಡ್ಡಿಯ ಗುಂಟ ಆಮ್ಲ, ತೊಟ್ಟು ತೊಟ್ಟಾಗಿ. ನೀರಿನೊಳಗೆ ಬಿಸಿಲುಗುದುರೆಯಂತೆ ಎಳೆಗಳು ಸುತ್ತಿ ಇಳಿದವು. ಬೀಕರನ್ನು ತಣ್ಣೀರಿನ ತಟ್ಟೆಯಲ್ಲಿ ಇಟ್ಟಿದ್ದರೂ ಸ್ವಲ್ಪ ಹೊತ್ತಿನಲ್ಲಿ ತಟ್ಟೆಯ ನೀರೇ ಬೆಚ್ಚಗಾಯಿತು. ಗವಸು ಹಾಕಿದ ಬೆರಳಿನಿಂದ ತಟ್ಟೆಯ ಹೊರಮೈ ಮುಟ್ಟಿದ ಹುಡುಗಿ ಕಣ್ಣರಳಿಸಿದಳು: “ಬಿಸಿ ಆಗ್ಯಾದ್ರಿ ಮೇಡಂ!”

ಅದೇ ಪಾಠ. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಎಂದಿಗೂ ಹಾಕಬಾರದು. ಹಗುರವಾದ ನೀರು ಭಾರವಾದ ಆಮ್ಲದ ಮೇಲೆ ತೇಲಿ, ಅಲ್ಲೇ ಕುದಿದು, ಆಮ್ಲವನ್ನೂ ಹೊತ್ತುಕೊಂಡು ಮುಖಕ್ಕೆ ಚಿಮ್ಮುತ್ತದೆ. ಈ ಮಾತನ್ನು ಮಕ್ಕಳು ಪರೀಕ್ಷೆಗೆ ಎಷ್ಟು ಸಲ ಬರೆದಿರುತ್ತಾರೋ. ಬೆರಳಿಗೆ ತಾಗಿದ ಆ ಬಿಸಿ ಇನ್ನು ಮರೆಯುವುದಿಲ್ಲ.

ಎಲ್ಲ ಎಚ್ಚರ ಇದ್ದೂ ತಪ್ಪಬಹುದು. ಅದಕ್ಕೆ ಬಾಗಿಲ ಬಳಿ ಒಂದು ಡ್ರಮ್ ನೀರು, ಮಗ್ಗು, ಒಂದು ಬಕೆಟ್ ಒಣ ಮರಳು, ಡಬ್ಬದಲ್ಲಿ ಅಡುಗೆ ಸೋಡಾ. ನಲ್ಲಿ ನಿಂತುಹೋಗುವ ಊರಿನಲ್ಲಿ ಡ್ರಮ್ಮು ದಿನವೂ ತುಂಬಿರಬೇಕು. ಆಮ್ಲ ಮೈಗೆ ಬಿದ್ದರೆ ಬಟ್ಟೆ ತೆಗೆದು ಕನಿಷ್ಠ 15ರಿಂದ 20 ನಿಮಿಷ ನೀರು ಸುರಿಯಬೇಕು; ಕಣ್ಣಿಗೂ ಅಷ್ಟೇ. ಸುಣ್ಣ, ಸೋಡಾ ಮೈಗೆ ಹಚ್ಚಬಾರದು. ಅವು ನೆಲಕ್ಕೆ ಚೆಲ್ಲಿದ ಆಮ್ಲಕ್ಕೆ ಮಾತ್ರ, ಅದೂ ಮರಳು ಸುರಿದ ಮೇಲೆ. ನೀರು ಸುರಿಯುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು.

ಹಳ್ಳಿ ಶಾಲೆಗೆ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. 2018ರ ಡಿಸೆಂಬರ್ 5ರಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಸಿಲಿಂಡರ್ ಸಿಡಿದು ಒಬ್ಬ ಯುವ ಸಂಶೋಧಕ ತೀರಿಕೊಂಡರು, ಮೂವರು ಗಾಯಗೊಂಡರು. ದೇಶದ ಅತಿ ದೊಡ್ಡ ವಿದ್ಯೆಯ ಮನೆಗೂ ಬರುವ ಆಪತ್ತು ನಮ್ಮ ಚಿಕ್ಕ ಕೋಣೆಯನ್ನು ಬಿಟ್ಟೀತೆಂಬ ಭರವಸೆ ಇಲ್ಲ. 1984ರ ಡಿಸೆಂಬರಿನ ಭೋಪಾಲ್ ದುರಂತವೂ ಸಂಗ್ರಹದ ಟ್ಯಾಂಕಿಗೆ ಸೇರಬಾರದ ನೀರು ಸೇರಿದ್ದರಿಂದಲೇ ಶುರುವಾಯಿತು.

ಕಾನೂನೂ ಸ್ಪಷ್ಟವಾಗಿದೆ. ಆ್ಯಸಿಡ್ ದಾಳಿಗೆ ತುತ್ತಾದ ಲಕ್ಷ್ಮಿ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2013ರ ಜುಲೈ 18ರಂದು ಕೊಟ್ಟ ಆದೇಶ ಅಂಗಡಿಗಳಿಗಷ್ಟೇ ಅಲ್ಲ, ಆಮ್ಲ ಇಡುವ ವಿದ್ಯಾಸಂಸ್ಥೆಗಳಿಗೂ ಸೇರಿದ್ದು. ಬಳಕೆಯ ದಾಖಲೆ ಪುಸ್ತಕ ಇರಬೇಕು, ಕಾಪಾಡುವ ಹೊಣೆ ಒಬ್ಬರ ಮೇಲೆ ಇರಬೇಕು, ಪ್ರಯೋಗಾಲಯದಿಂದ ಹೊರಹೋಗುವವರನ್ನು ತಪಾಸಣೆ ಮಾಡಬೇಕು. ಬಾಟಲಿಯಿಂದ ಕಾಣೆಯಾದ ಒಂದು ಲೋಟ ತೇಜಾಬು ಒಬ್ಬ ಹುಡುಗಿಯ ಮುಖವನ್ನೂ ಬದುಕನ್ನೂ ಸುಡಬಲ್ಲದು.

ಸಂಜೆ ನಾಲ್ಕಕ್ಕೆ ಕೆಲಸ ಮುಗಿಯಿತು. ಹೊಸ ನೋಟ್‌ಬುಕ್ಕಿಗೆ ಗೆರೆ ಎಳೆದು ಮೇಡಂ ಮೊದಲ ಸಾಲು ಬರೆದರು: ದಿನಾಂಕ, ಆಮ್ಲದ ಹೆಸರು, ಬಳಸಿದ್ದೆಷ್ಟು, ಉಳಿದದ್ದೆಷ್ಟು, ಕೆಳಗೆ ತಮ್ಮ ಸಹಿ. ಬೆಳಿಗ್ಗೆ ಕೈ ಅಡ್ಡ ಇಟ್ಟಿದ್ದ ಸಹಾಯಕ ಈಗ ಕಿಟಕಿಯ ಚಿಲಕ, ಡ್ರಮ್ಮಿನ ನೀರು, ತಟ್ಟೆಯ ಬಾಟಲಿ ಒಂದೊಂದೇ ನೋಡಿ ಬೀಗ ಹಾಕಿದರು. ಹೊರಗೆ ಮೋಡ ಕಟ್ಟಿತ್ತು.

ಇಷ್ಟಕ್ಕೆ ಖರ್ಚಾದದ್ದು ನಾಲ್ಕು ಪ್ಲಾಸ್ಟಿಕ್ ತಟ್ಟೆ, ಒಂದು ನೋಟ್‌ಬುಕ್, ಒಂದು ದಿನ. ವಿಜ್ಞಾನ ಕಲಿಸುವ ಎಲ್ಲ ಗುರುಗಳಲ್ಲಿ, ಶಾಲೆಯ ಮೇಲುಸ್ತುವಾರಿ ಸಮಿತಿಯ ತಂದೆತಾಯಿಗಳಲ್ಲಿ ನನ್ನದೊಂದು ಕೋರಿಕೆ. ಪ್ರತಿ ಜೂನಿನಲ್ಲಿ ಪಾಠ ಶುರುವಾಗುವ ಮುನ್ನ ಒಂದು ದಿನವನ್ನು ಆ ಅಲಮಾರಿಗೆ ಕೊಡಿ. ಪ್ರತಿ ಬಾಟಲಿಗೂ ಓದಲು ಬರುವ ಹೆಸರು, ಅದರದೇ ಜಾಗ, ಹೊಣೆ ಹೊತ್ತ ಒಬ್ಬರ ಸಹಿ ಇರಲಿ. ಆಮೇಲೆ ಧೈರ್ಯವಾಗಿ ಬಾಗಿಲು ತೆರೆದು ಮಕ್ಕಳನ್ನು ಒಳಗೆ ಕರೆಯಿರಿ.