ರಕ್ಷಾಪುರದಿಂದ ಸೊಪ್ಪಿನಬೆಟ್ಟಕ್ಕೆ ಒಂದು ಲಸಿಕೆ

ಜನವರಿಯ ಒಂದು ಭಾನುವಾರ. ಹೈದರಾಬಾದಿನ ಮಿಯಾಪುರದಲ್ಲಿರುವ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕುಳಿತು ಊರಿಗೆ ಫೋನ್ ಮಾಡಿದ್ದೆ. ನಮ್ಮದು ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಕಡೆಯ ಪುಟ್ಟ ಹಳ್ಳಿ. ಕೊನೆಕೊಯ್ಲು ಎಲ್ಲಿಗೆ ಬಂತು, ಅಡಿಕೆ ಸುಲಿಯಲು ಜನ ಸಿಕ್ಕರಾ ಎಂದೆಲ್ಲ ಮಾತಾದ ಮೇಲೆ ಅಪ್ಪಯ್ಯ ಸ್ವಲ್ಪ ತಡೆದು ಹೇಳಿದರು: ‘ಶಿವರಾತ್ರಿಗೆ ಮಗೂನ ಕರ್ಕೊಂಡು ಬಾ. ಆದ್ರೆ ಬೆಟ್ಟದ ಕಡೆ ಕರ್ಕೊಂಡು ಹೋಗೂದು ಬೇಡ. ಹೊಳೆಯಾಚೆ ಎರಡು ಮಂಗ ಸತ್ತು ಬಿದ್ದಿದ್ವಂತೆ. ಆಸ್ಪತ್ರೆಯವರು ಬಂದು ನೋಡ್ಕೊಂಡು ಹೋದ್ರು.’

ಮಂಗ ಸತ್ತಿದೆ ಎಂದರೆ ಬೇರೆ ಊರಿನವರಿಗೆ ಅದೊಂದು ಸುದ್ದಿಯೇ ಅಲ್ಲ. ಮಲೆನಾಡಿನವರಿಗೆ ಅಷ್ಟು ಸಾಕು. ಮರುದಿನದಿಂದ ಯಾರೂ ದರಕು ಗುಡಿಸಲು ಹೋಗುವುದಿಲ್ಲ. ದನಗಳನ್ನು ಕೊಟ್ಟಿಗೆಯಿಂದ ಬಿಡುವುದಿಲ್ಲ. ಹೋಗಲೇಬೇಕಾದವರು ಕೈಕಾಲಿಗೆ ಆರೋಗ್ಯ ಇಲಾಖೆ ಕೊಟ್ಟ ಡೆಪಾ ಎಣ್ಣೆ ಬಳಿದುಕೊಂಡು ಹೊರಡುತ್ತಾರೆ.

ಅದೇ ವಾರ ಆಫೀಸಿನ ಊಟದ ಬಿಡುವಿನಲ್ಲಿ ಮಂಗನ ಕಾಯಿಲೆಯ ಹೊಸ ಲಸಿಕೆ ಎಲ್ಲಿಗೆ ಬಂತು ಎಂದು ಹುಡುಕುತ್ತಿದ್ದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಅದನ್ನು ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿಯ ಜೊತೆ ಸೇರಿ ಸಿದ್ಧಪಡಿಸುತ್ತಿದೆ ಎಂದಿತ್ತು. ಕಂಪನಿಯ ವಿಳಾಸ ನೋಡಿದೆ. ರಕ್ಷಾಪುರಂ, ಗಚ್ಚಿಬೌಲಿ ಅಂಚೆ, ಹೈದರಾಬಾದ್. ನಾನು ಕುಳಿತಿದ್ದದ್ದೂ ಗಚ್ಚಿಬೌಲಿಯಲ್ಲೇ. ಊರಿನ ಕಾಯಿಲೆಗೆ ಮದ್ದು ನನ್ನ ಆಫೀಸಿನ ಪಿನ್‌ಕೋಡಿನಲ್ಲಿ ತಯಾರಾಗುತ್ತಿದೆ ಎಂಬುದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಕಥೆ ಶುರುವಾಗಿದ್ದು 1957ರಲ್ಲಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಆಫ್ರಿಕಾ, ದಕ್ಷಿಣ ಅಮೆರಿಕದ ಹಳದಿ ಜ್ವರ ಭಾರತಕ್ಕೂ ಬಂತೇನೋ ಎಂಬುದು ಅವರ ಮೊದಲ ಗಾಬರಿ. ಪರೀಕ್ಷೆ ಮಾಡಿದರೆ ಅದು ಜಗತ್ತಿಗೆ ಅಲ್ಲಿಯವರೆಗೆ ಗೊತ್ತಿರದ ವೈರಸ್. ದೂರದ ರಷ್ಯಾದ ಕಾಡುಗಳ ಮೆದುಳು ಜ್ವರದ ವೈರಸ್‌ಗೆ ನೆಂಟ. ಹರಡುವುದು ಸೊಳ್ಳೆಯಿಂದಲ್ಲ, ಉಣುಗಿನಿಂದ. ಹೀಗೆ ಸೊರಬದ ಒಂದು ಕಾಡಿನ ಹೆಸರು ಜಗತ್ತಿನ ವೈದ್ಯಕೀಯ ಪಠ್ಯಗಳನ್ನು ಸೇರಿತು. ಅಲ್ಲಿಂದ ಲಸಿಕೆಯ ಹುಡುಕಾಟ ಶುರುವಾಗಿ ಆರೂವರೆ ದಶಕ ಮೀರಿದೆ.

ಕಾಯಿಲೆಯ ಕಾಲ ಯಾವುದು ನೋಡಿ. ಸಾಸಿವೆ ಕಾಳಿನಷ್ಟೂ ಇಲ್ಲದ ಮರಿ ಉಣುಗುಗಳು ದರಕಿನ ಮೇಲೆ ಹತ್ತುವುದು ನವೆಂಬರ್, ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ. ಅಡಿಕೆ ಕೊಯ್ಲು, ಸೊಪ್ಪಿನಬೆಟ್ಟದಿಂದ ದರಕು ಹೊರುವುದು, ಸೌದೆ ಕೂಡಿಡುವುದು ಎಲ್ಲವೂ ಅದೇ ತಿಂಗಳುಗಳಲ್ಲಿ. ಮಂಗ ಸತ್ತರೆ ಅದರ ಮೈಮೇಲಿನ ಸೋಂಕಿನ ಉಣುಗುಗಳು ಇಳಿದು ಸುತ್ತಮುತ್ತ ಹರಡಿಕೊಳ್ಳುತ್ತವೆ. ಅದಕ್ಕೇ ಸತ್ತ ಮಂಗದ ಸುತ್ತ 50 ಮೀಟರ್ ಜಾಗಕ್ಕೆ ಕೀಟನಾಶಕ ಹೊಡೆಯುವುದು. ಉಣುಗು ಕಚ್ಚಿದ ಕೆಲವು ದಿನಕ್ಕೆ ಒಮ್ಮೆಲೇ ಜ್ವರ, ತಲೆ ಸಿಡಿಯುವ ನೋವು, ಸೊಂಟ ಮೇಲೇಳದಷ್ಟು ಮೈಕೈ ನೋವು. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ಜ್ವರ ಬಿಟ್ಟು ಒಂದೆರಡು ವಾರವಾದ ಮೇಲೆ ಕೆಲವರಲ್ಲಿ ಮತ್ತೆ ಮರುಕಳಿಸಿ ಮೆದುಳನ್ನು ಹಿಡಿಯುತ್ತದೆ. ಸೋಂಕು ತಗುಲಿದ ನೂರರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ಇದಕ್ಕೆಂದೇ ಔಷಧ ಇಲ್ಲ. ಡ್ರಿಪ್ ಹಾಕಿ, ರಕ್ತಸ್ರಾವ ನೋಡಿಕೊಂಡು ಕಾಯುವುದಷ್ಟೇ.

2019ರ ಆರಂಭದಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಸಾವಿನ ಮೇಲೆ ಸಾವಾದಾಗ ನಾನು ಇಲ್ಲಿ ಹೊಸ ಕೆಲಸಕ್ಕೆ ಸೇರಿದ್ದೆ. ನಮ್ಮ ಮನೆಗೆ ದರಕು ತರಲು ಬರುತ್ತಿದ್ದ ಅಕ್ಕನಿಗೂ ಆ ಸಲ ಜ್ವರ ಬಂತು. ನನ್ನನ್ನು ಎತ್ತಿ ಆಡಿಸಿದವಳು. ಬದುಕಿದಳು, ಆದರೆ ಮತ್ತೆ ಹೊರೆ ಹೊರಲು ತಿಂಗಳುಗಟ್ಟಲೆ ಹಿಡಿಯಿತು. ಅವಳು ಲಸಿಕೆ ಹಾಕಿಸಿಕೊಂಡಿರಲಿಲ್ಲವೇ? ಒಂದು ಡೋಸ್ ಹಾಕಿಸಿಕೊಂಡಿದ್ದಳು. ಎರಡನೆಯದು ಬಿಟ್ಟಿದ್ದಳು. ‘ಸೂಜಿ ಚುಚ್ಚಿದ ಕೈ ಮೂರು ದಿನ ಎತ್ತೂಕಾಗ್ಲಿಲ್ಲ ತಮ್ಮಾ. ಮೂರು ದಿನದ ಕೂಲಿ ಯಾರು ಕೊಡ್ತಾರೆ?’

ಅವಳನ್ನು ದೂರುವ ಹಕ್ಕು ನನಗಿಲ್ಲ. ಹತ್ತನೇ ತರಗತಿ ಮುಗಿದ ವರ್ಷ ಊರಿನ ಶಾಲೆಯಲ್ಲಿ ಕ್ಯಾಂಪ್ ಹಾಕಿದಾಗ ನಾನೂ ಒಂದು ಡೋಸ್ ಹಾಕಿಸಿಕೊಂಡಿದ್ದೆ. ಎರಡನೆಯದಕ್ಕೆ ಹೇಳಿಕಳಿಸಿದಾಗ ಪಿಯುಸಿಗೆಂದು ಶಿವಮೊಗ್ಗದ ಹಾಸ್ಟೆಲಿನಲ್ಲಿದ್ದೆ. ನಂತರ ಬಿಇ, ಎಂಟೆಕ್, ಹೈದರಾಬಾದ್. ಲಸಿಕೆ ಅರ್ಧಕ್ಕೆ ಬಿಟ್ಟವರ ಲೆಕ್ಕ ಎಲ್ಲಾದರೂ ಇದ್ದರೆ ಅದರಲ್ಲಿ ನಾನೂ ಒಬ್ಬ.

ಆ ಹಳೆಯ ಲಸಿಕೆಗೂ ಮೊದಲು ಇನ್ನೊಂದು ಪ್ರಯತ್ನವಾಗಿತ್ತು. ವೈರಸ್ ಪತ್ತೆಯಾದ ಕೆಲವೇ ವರ್ಷಗಳಲ್ಲಿ, ನೆಂಟ ವೈರಸ್‌ಗೆ ಮಾಡಿದ್ದ ಲಸಿಕೆಯನ್ನೇ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕೊಟ್ಟು ನೋಡಿದರು. ಉಪಯೋಗವಾಗಲಿಲ್ಲ. ಆಮೇಲೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಕ್ಯಾಸನೂರಿನ ವೈರಸ್ಸನ್ನೇ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ಲಸಿಕೆ ಮಾಡಿದರು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ಅದು ತಯಾರಾಗುತ್ತಿತ್ತು. 1990ರಿಂದ ಹಳ್ಳಿಗಳಲ್ಲಿ ಕೊಡುತ್ತ ಬಂದರು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರೇಳು ತಿಂಗಳಿಗೆ ಬೂಸ್ಟರ್, ಮತ್ತೆ ವರ್ಷ ವರ್ಷ ಬೂಸ್ಟರ್. ಕೂಲಿ ಮಾಡುವವರು ಇಷ್ಟು ಸಲ ಸಾಲಿನಲ್ಲಿ ನಿಲ್ಲುತ್ತಾರೆಂದು ಲೆಕ್ಕ ಹಾಕಿದವರು ಯಾರೋ ಗೊತ್ತಿಲ್ಲ.

2005ರಿಂದ 2010ರವರೆಗಿನ ಅಂಕಿಅಂಶ ಇಟ್ಟುಕೊಂಡು ನಡೆಸಿದ ಅಧ್ಯಯನವೊಂದು ಎರಡು ಡೋಸಿನಿಂದ ಸುಮಾರು ಶೇ 62, ಬೂಸ್ಟರ್ ಸೇರಿದರೆ ಶೇ 83ರಷ್ಟು ರಕ್ಷಣೆ ಎಂದು ಹೇಳಿತ್ತು. ಒಂದೇ ಡೋಸಿಗೆ ನಿಂತ ನಮ್ಮಂಥವರಿಗೆ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಈ ನಡುವೆ ಕಾಯಿಲೆ ಜಿಲ್ಲೆಯ ಗಡಿ ದಾಟಿತು. 1980ರ ದಶಕದ ಆರಂಭದಲ್ಲೇ ಬೆಳ್ತಂಗಡಿ ಕಡೆ ಜೋರಾಗಿತ್ತು. 2012ರ ನಂತರ ಬಂಡೀಪುರ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. ಇತ್ತ ಲಸಿಕೆಯ ಶಕ್ತಿ ಸಾಲುತ್ತಿಲ್ಲ ಎಂದಾಗಿ 2022ರಲ್ಲಿ ಅದನ್ನು ನಿಲ್ಲಿಸಿದರು. ಅಂದಿನಿಂದ ನಮ್ಮೂರಿನವರ ಕೈಯಲ್ಲಿರುವುದು ಎಣ್ಣೆ ಬಾಟಲಿ ಮಾತ್ರ.

ಇದನ್ನೆಲ್ಲ ಓದುವಾಗ ನನಗೆ ಕಸಿವಿಸಿಯಾಗಲು ಇನ್ನೊಂದು ಕಾರಣವಿದೆ. ನನ್ನ ತಂಡದ ಕೆಲಸ ಮೆದುಳಿನ ಎಂಆರ್‌ಐ ಚಿತ್ರಗಳಲ್ಲಿ ಗಡ್ಡೆಯ ಅಂಚು ಗುರುತಿಸುವ ಸಾಫ್ಟ್‌ವೇರ್ ಬರೆಯುವುದು. ಒಬ್ಬ ರೋಗಿಗೆ ನಾಲ್ಕು ಬಗೆಯ ಚಿತ್ರ. ಒಂದರಲ್ಲಿ ಗಡ್ಡೆಯ ಸುತ್ತಲಿನ ಬಾವು ಬೆಳ್ಳಗೆ ಕಾಣುತ್ತದೆ, ಗ್ಯಾಡೊಲಿನಿಯಂ ಚುಚ್ಚಿ ತೆಗೆದದ್ದರಲ್ಲಿ ಗಡ್ಡೆಯ ಬೆಳೆಯುವ ಭಾಗ ಹೊಳೆಯುತ್ತದೆ. ರೇಡಿಯಾಲಜಿಸ್ಟ್ ಪದರ ಪದರವಾಗಿ ಕೈಯಲ್ಲಿ ಗೆರೆ ಎಳೆಯುತ್ತಿದ್ದುದನ್ನು ಯಂತ್ರ ಈಗ ಕ್ಷಣಗಳಲ್ಲಿ ಎಳೆದು ತೋರಿಸುತ್ತದೆ. ಯಂತ್ರ ಇದನ್ನು ಕಲಿತದ್ದು ಹೇಗೆ? 2012ರಲ್ಲಿ ಬ್ರಾಟ್ಸ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆ ಶುರುವಾದಾಗ ಹಂಚಿಕೊಳ್ಳಲು ಕೆಲವೇ ಡಜನ್ ರೋಗಿಗಳ ಚಿತ್ರಗಳಿದ್ದವು. 2021ರ ಹೊತ್ತಿಗೆ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳದ್ದಾದವು. ವರ್ಷ ವರ್ಷ ಆಸ್ಪತ್ರೆಗಳು ಚಿತ್ರ ಕೊಟ್ಟವು, ವೈದ್ಯರು ಕುಳಿತು ಗೆರೆ ಎಳೆದುಕೊಟ್ಟರು, ನಮ್ಮಂಥವರು ಕೋಡ್ ಬರೆದೆವು. ಅದೇ ಹತ್ತು ವರ್ಷಗಳಲ್ಲಿ ಇತ್ತ ಮಂಗನ ಕಾಯಿಲೆಗೆ ಇದ್ದ ಒಂದು ಲಸಿಕೆಯೂ ಹೋಯಿತು. ಮೆದುಳಿನ ಗಡ್ಡೆಯ ರೋಗಿಗಳು ಜಗತ್ತಿನ ಎಲ್ಲ ಊರಿನಲ್ಲೂ ಇದ್ದಾರೆ. ಮಂಗನ ಕಾಯಿಲೆಯವರು ಪಶ್ಚಿಮ ಘಟ್ಟದ ಕೆಲವು ತಾಲ್ಲೂಕುಗಳಲ್ಲಿ, ವರ್ಷಕ್ಕೆ ಕೆಲವು ನೂರು.

ಹೈದರಾಬಾದಿಗೆ ಲಸಿಕೆಯ ಊರು ಎಂಬ ಹೆಸರು ಬಂದದ್ದೂ ದೊಡ್ಡ ಸಂಖ್ಯೆಗಳಿಂದಲೇ. ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಹೆಪಟೈಟಿಸ್ ಬಿ ಲಸಿಕೆ ತಂದಾಗ ಆಮದಾದ ದುಬಾರಿ ಲಸಿಕೆಯ ಬೆಲೆ ಕುಸಿಯಿತು. ಭಾರತ್ ಬಯೋಟೆಕ್ ಮಾಡಿದ ರೋಟಾವ್ಯಾಕ್ 2015ರಲ್ಲಿ ಬಂತು. ಅದರ ಮೂಲ ವೈರಸ್ ಸಿಕ್ಕಿದ್ದು 1980ರ ದಶಕದ ಮಧ್ಯದಲ್ಲಿ ದೆಹಲಿಯ ಏಮ್ಸ್‌ನಲ್ಲಿ ಹುಟ್ಟಿದ ಒಂದು ಹಸುಗೂಸಿನಲ್ಲಿ. ಅಲ್ಲಿಂದ ಲಸಿಕೆಗೆ ಮೂವತ್ತು ವರ್ಷ! ಆದರೂ ಅಷ್ಟು ವರ್ಷ ಹಣ ಹಾಕುವವರು ಇದ್ದರು, ಏಕೆಂದರೆ ರೋಟಾವೈರಸ್ ಭೇದಿ ದೇಶದ ಪ್ರತಿ ಮಗುವಿಗೂ ತಗುಲುವಂಥದ್ದು.

ಇಂಡಿಯನ್ ಇಮ್ಯುನಾಲಜಿಕಲ್ಸ್‌ನ ಹುಟ್ಟು ಸ್ವಲ್ಪ ಬೇರೆ. 1982ರಲ್ಲಿ ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿ ದನಗಳ ಕಾಲುಬಾಯಿ ರೋಗದ ಲಸಿಕೆಗೆಂದು ಇದನ್ನು ಕಟ್ಟಿತು. ಲಸಿಕೆಯ ಹೆಸರು ‘ರಕ್ಷಾ’. ರಕ್ಷಾಪುರಂ ಎಂಬ ಹೆಸರು ಅದರಿಂದಲೇ ಬಂದಿರಬೇಕು. ಆಮೇಲೆ ಮನುಷ್ಯರ ರೇಬಿಸ್ ಲಸಿಕೆಗೂ ಕೈ ಹಾಕಿತು. ಕೋವಿಡ್ ಕಾಲದಲ್ಲಿ ಕೊವ್ಯಾಕ್ಸಿನ್‌ಗೆ ಬೇಕಾದ ಮೂಲದ್ರವ್ಯವನ್ನೂ ತಯಾರಿಸಿ ಕೊಟ್ಟಿತು. ಹಾಲಿನ ಮಂಡಳಿಯ ಕಂಪನಿಯೊಂದು ಕೊಟ್ಟಿಗೆಯವರ ಕಾಯಿಲೆಗೆ ಲಸಿಕೆ ಮಾಡುತ್ತಿರುವುದು ನನಗಂತೂ ಸರಿಯಾಗಿಯೇ ಕಾಣುತ್ತದೆ. ಲಾಭದ ಲೆಕ್ಕ ಮಾತ್ರ ನೋಡುವ ಕಂಪನಿ ಇದನ್ನು ಮುಟ್ಟುತ್ತಿತ್ತೋ ಇಲ್ಲವೋ.

ಹೊಸದೂ ಕೊಂದ ವೈರಸ್ಸಿನ ಲಸಿಕೆಯೇ. ಆದರೆ ದೇಹದ ಪ್ರತಿಕ್ರಿಯೆ ಹೆಚ್ಚಿಸುವ ಸಹಾಯಕ ದ್ರವ್ಯ ಸೇರಿಸಿ ಎರಡು ಡೋಸಿಗೆ ಇಳಿಸುವ ಉದ್ದೇಶ. ಪ್ರಾಣಿಗಳ ಮೇಲಿನ ಪರೀಕ್ಷೆಗಳನ್ನು ದಾಟಿ ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗಕ್ಕೆ ಬಂದಿದೆ. ಈ ವೈರಸ್ಸಿನ ಜೊತೆ ಕೆಲಸವೆಂದರೆ ಹುಡುಗಾಟವಲ್ಲ. ಪ್ರಯೋಗಾಲಯಗಳಲ್ಲೇ ಅದು ಕೆಲಸ ಮಾಡುವವರಿಗೆ ತಗುಲಿದ್ದಿದೆ. ಅದಕ್ಕೇ ಅತಿ ಬಿಗಿ ಭದ್ರತೆಯ ಲ್ಯಾಬುಗಳೇ ಬೇಕು.

ಇನ್ನು ಮುಂದಿನದೇ ಕಷ್ಟದ ದಾರಿ ಎಂದು ನನ್ನ ಅನಿಸಿಕೆ. ಎಂಜಿನಿಯರ್ ಬುದ್ಧಿ, ಒಂದು ಲೆಕ್ಕ ಹಾಕಿದೆ. ರೋಟಾವ್ಯಾಕ್ ಕೆಲಸ ಮಾಡುತ್ತದೆ ಎಂದು ತೋರಿಸಲು ದೆಹಲಿ, ಪುಣೆ, ವೆಲ್ಲೂರಿನ 6,799 ಶಿಶುಗಳು ಸಾಕಾದರು. ಮಂಗನ ಕಾಯಿಲೆಗೆ? ಅಪಾಯದ ಹಳ್ಳಿಗಳಲ್ಲಿ ಒಂದು ಋತುವಿನಲ್ಲಿ ಸಾವಿರಕ್ಕೆ ಒಬ್ಬರಿಗೆ ಬರುತ್ತದೆ ಎಂದು ಸುಮ್ಮನೆ ಇಟ್ಟುಕೊಳ್ಳಿ. 20 ಸಾವಿರ ಜನರಿಗೆ ಲಸಿಕೆ, ಇನ್ನು 20 ಸಾವಿರ ಜನರಿಗೆ ಬರೀ ನೀರಿನಂಥ ಚುಚ್ಚುಮದ್ದು. ಲಸಿಕೆ ಶೇ 70ರಷ್ಟು ಒಳ್ಳೆಯದಾದರೆ ಒಂದು ಗುಂಪಿನಲ್ಲಿ 6, ಇನ್ನೊಂದರಲ್ಲಿ 20 ರೋಗಿಗಳು ಸಿಗಬೇಕು. ನಲವತ್ತು ಸಾವಿರ ಜನರನ್ನು ಸೇರಿಸಿ ಇಷ್ಟೇ ವ್ಯತ್ಯಾಸ. ಆ ವರ್ಷ ಕಾಯಿಲೆ ತಣ್ಣಗಿದ್ದು 1 ಮತ್ತು 4 ಬಂದರೆ ಏನನ್ನೂ ಹೇಳುವಂತಿಲ್ಲ. ಮೇಲಾಗಿ ಈ ಕಾಯಿಲೆ ಒಂದೇ ಕಡೆ ನಿಲ್ಲುವುದಿಲ್ಲ. ಈ ವರ್ಷ ಅರಳಗೋಡು, ಮುಂದಿನ ವರ್ಷ ಇನ್ನೆಲ್ಲೋ. ಪ್ರಯೋಗದವರು ಕಾದು ಕುಳಿತ ಹಳ್ಳಿಗೆ ಅದು ಬರದೆಯೂ ಇರಬಹುದು.

ಇಂಥ ಕಡೆ ವಿಜ್ಞಾನಿಗಳಿಗೆ ಒಂದು ಒಳದಾರಿ ಉಂಟು. ಲಸಿಕೆ ಪಡೆದವರ ರಕ್ತದಲ್ಲಿ ವೈರಸ್ಸನ್ನು ತಟಸ್ಥಗೊಳಿಸುವ ಪ್ರತಿಕಾಯಗಳು ಎಷ್ಟು ಹುಟ್ಟಿದವು, ಅಷ್ಟೇ ಪ್ರತಿಕಾಯ ಇದ್ದ ಪ್ರಾಣಿಗಳು ಸೋಂಕಿನಿಂದ ಬದುಕಿದವೇ ಎಂದು ಹೋಲಿಸಿ ನೋಡುವುದು. ಪೂರ್ತಿ ಉತ್ತರ ಅಲ್ಲ. ಆದರೆ ಹಳೆಯ ಲಸಿಕೆಯ ವಿಷಯದಲ್ಲಿ ಮೂವತ್ತು ವರ್ಷ ಚುಚ್ಚಿದ ಮೇಲೆ ಶಕ್ತಿ ಸಾಲದು ಎಂದು ಗೊತ್ತಾದದ್ದಕ್ಕಿಂತ, ಬ್ಯಾಚ್ ಬ್ಯಾಚಿಗೂ, ವರ್ಷ ವರ್ಷಕ್ಕೂ ರಕ್ತ ಪರೀಕ್ಷಿಸಿ ಲೆಕ್ಕ ಇಡುವುದು ಎಷ್ಟೋ ವಾಸಿ.

ಕಳೆದ ವಾರ ಮತ್ತೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ಇದನ್ನೆಲ್ಲ ಹೇಳಿದೆ. ‘ನಿಮ್ಮೂರಲ್ಲೇ ಮಾಡೂದು ಅಂತೀಯ, ಬರುವಾಗ ಒಂದು ನಾಲ್ಕು ಬಾಟ್ಲಿ ತಗಂಡೇ ಬಾ’ ಎಂದು ನಕ್ಕರು. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಅಕ್ಕನಿಗೂ ಕೇಳಿಸಿರಬೇಕು. ಫೋನ್ ಅವಳ ಕೈಗೆ ಹೋಯಿತು.

‘ತಮ್ಮಾ, ಹೊಸ ಸೂಜಿ ಬರ್ತದಂತೆ ಹೌದಾ?’

‘ಇನ್ನೂ ಕೆಲವು ವರ್ಷ ಬೇಕು ಅಕ್ಕಾ. ಈಗ ಪರೀಕ್ಷೆ ಮಾಡೋ ಕಾಲ.’

‘ಅದೂ ಆ ಹಳೇದರ ಹಾಂಗೇ ನೋಯ್ತದಾ?’

ಗೊತ್ತಿಲ್ಲ ಎಂದೆ. ಫೋನ್ ಇಟ್ಟ ಮೇಲೆ ನೆನಪಾಯಿತು, ಮೊದಲ ಹಂತದ ಪ್ರಯೋಗದಲ್ಲಿ ಮುಖ್ಯವಾಗಿ ಕೇಳಿ ಬರೆದುಕೊಳ್ಳುವುದೇ ಇದನ್ನು. ಚುಚ್ಚಿದ ಜಾಗ ಎಷ್ಟು ದಿನ ನೋಯಿತು, ಜ್ವರ ಬಂತೇ, ಕೈ ಎತ್ತಲಾಯಿತೇ, ಕೆಲಸಕ್ಕೆ ಹೋದಿರೇ.